ಹತ್ತರಲ್ಲಿ ಮೂರು ಎಂದವರು ನೀವು, ಇಲ್ಲ ಎಂದವನು ನಾನು

ಶೈಲಜಾ ಅವರೇ, ಅಂದು ಮಳೆಯಿಲ್ಲ ಎಂದು ನೀವು ಹೇಳಿರಲಿಲ್ಲ. ಹೇಳಿದವನು ನಾನು. ಆಮೇಲೆ, ಹಾಗೆ ಹೇಳಿದವರು ನೀವೇ ಎಂದು ಊರಿನ ಮುಂದೆ ಸುಳ್ಳಾಡಿದವನೂ ನಾನೇ.

ಇದನ್ನು ಬರೆಯುತ್ತಿರುವುದು ಸೋಮವಾರ ಸಂಜೆ ಏಳು ಗಂಟೆಗೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಅವಳಿಗೂ ಈ ಸಂಗತಿ ಗೊತ್ತಾದದ್ದು ಇಂದು ಬೆಳಿಗ್ಗೆ, ಎಲ್ಲರಿಗೂ ಗೊತ್ತಾದಂತೆ, ಹಾಲಿನ ಡೈರಿಯ ಮೈಕಿನಿಂದ.

ನನ್ನನ್ನು ನೀವು ಬಲ್ಲಿರಿ. ಚನ್ನಗಿರಿ ತಾಲ್ಲೂಕಿನ ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಐದಕ್ಕೆ ಏಳುವುದು, ಅಂಗಳ ಗುಡಿಸುವುದು, ಆರೂವರೆಗೆ ಡೈರಿಯ ಮುಂದೆ ನಿಲ್ಲುವುದು. ಹಾಲು ಹಾಕಲು ಊರೆಲ್ಲ ಅಲ್ಲಿಗೆ ಬರುವುದರಿಂದ ಊರಿಗೆ ಹೇಳಬೇಕಾದದ್ದನ್ನು ಅಲ್ಲಿಯ ಮೈಕಿನಲ್ಲೇ ಹೇಳುವುದು ನಮ್ಮ ರೂಢಿ. ಹೇಳುವ ಕೆಲಸ ನನ್ನದು. ರೈತರಿಗೆ ಹವಾಮಾನ ತಿಳಿಸುವ ನಿಮ್ಮ ಸಂಸ್ಥೆ ನಿಮ್ಮನ್ನು ನಮ್ಮ ಭಾಗಕ್ಕೆ ಕಳಿಸಿದಾಗ ಏರ್ಪಾಡು ಸರಳವಾಗಿತ್ತು — ನೀವು ಆರಕ್ಕೆ ಫೋನ್ ಮಾಡಿ ನನಗೆ ಹೇಳುವುದು, ನಾನು ಊರಿಗೆ ಹೇಳುವುದು.

“ಒಂದೇ ಮಾತು ಸರ್,” ಎಂದಿದ್ದಿರಿ. “ಮಳೆ ಬರೋ ಸಾಧ್ಯತೆ ಹತ್ತರಾಗೆ ಎಷ್ಟು ಅಂತ ಹೇಳ್ತೀನಲ್ಲ, ಅದನ್ನ ಮಾತ್ರ ಬಿಡಬ್ಯಾಡ್ರಿ.”

ಮೊದಮೊದಲು ಬಿಡಲಿಲ್ಲ. “ಇಂದು ಮಳೆಯಾಗುವ ಸಾಧ್ಯತೆ ಹತ್ತರಲ್ಲಿ ನಾಲ್ಕು” ಎಂದು ಮೈಕಿನಲ್ಲಿ ಹೇಳಿದ ದಿನ ರುದ್ರಪ್ಪ ಕ್ಯಾನು ಕೆಳಗಿಟ್ಟು ನನ್ನ ಹತ್ತಿರ ಬಂದ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಎಮ್ಮೆ, ಎಲ್ಲರಿಗಿಂತ ಹೆಚ್ಚು ಮಾತು ಅವನದು.

“ಮೇಷ್ಟ್ರೇ, ಬಂದರೆ ಬರ್ತೈತೆ, ಇಲ್ಲಾಂದ್ರೆ ಇಲ್ಲ. ಇದನ್ನ ಹೇಳಾಕೆ ಮೈಕ್ ಯಾಕ್ರೀ? ನಮ್ಮ ಎಮ್ಮೇನೇ ಹೇಳ್ತಿತ್ತು.”

ಎಲ್ಲರೂ ನಕ್ಕರು. ನನ್ನ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ಮೈದಾನದಲ್ಲಿ ‘ಬಹುಶಃ ಎಡಕ್ಕೆ ತಿರುಗಿ’ ಎಂದು ಯಾವ ಮೇಷ್ಟ್ರೂ ಆಜ್ಞೆ ಕೊಡುವುದಿಲ್ಲ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಮರುದಿನದಿಂದ ನೀವು ಐದಕ್ಕಿಂತ ಕಡಿಮೆ ಎಂದರೆ ನಾನು ‘ಮಳೆ ಇಲ್ಲ’ ಎಂದೆ. ಹೆಚ್ಚು ಎಂದರೆ ‘ಮಳೆ ಇದೆ’. ನಿಮಗೆ ತಿಳಿಸಲಿಲ್ಲ. ಬಹಳ ದಿನ ಅದು ಹೇಗೋ ನಡೆಯಿತು. ಮೇಷ್ಟ್ರು ಹೇಳಿದ ಮೇಲೆ ಮುಗೀತು ಎನ್ನತೊಡಗಿದರು. ಆ ಮಾತು ನನಗೆ ರುಚಿಸಿತು...

ಮೆಕ್ಕೆಜೋಳ ಬಿಡಿಸಿ ಒಣಹಾಕುವ ಕಾಲ. ಅಂದು ಸಂತೇಬೆನ್ನೂರಿನ ಸಂತೆ. “ಮಧ್ಯಾಹ್ನದ ಮೇಲೆ ಹತ್ತರಲ್ಲಿ ಮೂರು ಸರ್. ಒಣಗಾಕೆ ಹಾಕ್ಲಿ, ಆದರೆ ತಾಡಪತ್ರಿ ಪಕ್ಕದಾಗೇ ಇಟ್ಕಳ್ಲಿ. ಮನೇಲಿ ಒಬ್ಬರಾದ್ರೂ ಇರ್ಲಿ” ಎಂದಿರಿ. ನಾನು ಮೈಕು ಹಿಡಿದು, “ಇಂದು ಮಳೆ ಇಲ್ಲ” ಎಂದೆ. ಅಷ್ಟೇ. ಊರು ರಸ್ತೆಯುದ್ದಕ್ಕೂ ಕಾಳು ಹರಡಿ ಸಂತೆಗೆ ಹೋಯಿತು.

ಮೂರು ಗಂಟೆಗೆ ಸುರಿಯಿತು. ಮಕ್ಕಳು, ಮುದುಕರು ಮೊರದಲ್ಲಿ ಬಾಚಿದರು, ನಾನೂ ಬಾಚಿದೆ. ಕಾಳು ಚರಂಡಿಗೆ ಹರಿದು ಹೋಗುತ್ತಲೇ ಇತ್ತು.

ಸಂಜೆ ಡೈರಿಯ ಮುಂದೆ ಯಾರೂ ಮೋಡವನ್ನು ಬೈಯಲಿಲ್ಲ. ಅವರು ಹುಡುಕಿದ್ದು ಮನುಷ್ಯರನ್ನು. “ನೆಂದ ಕಾಳಿಗೆ ರೇಟು ಬೀಳ್ತೈತೆ. ಲಾಭ ಯಾರಿಗ್ರೀ? ತಗಳ್ಳೋರಿಗೆ,” ಎಂದ ರುದ್ರಪ್ಪ. “ಆಯಮ್ಮನ ಕೈಲಿ ಯಾರೋ ಹೇಳಿಸ್ಯಾರೆ.” ಇನ್ನೊಬ್ಬರು, “ಬರದ ಸೀಮೆ ಜಗಳೂರಾಕೆ. ಮಳೆ ಕಂಡಿದ್ರಲ್ವೇ ಹೇಳಾಕೆ?” ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಆಕೆ ನಿಮಗೆ ಏನಂದ್ಲು?”

“ಅವಳು ಹೇಳಿದ್ದನ್ನೇ ನಾನು ಹೇಳಿದ್ದು,” ಎಂದೆ.

ಇಷ್ಟೇ ಮಾತು. ಹೇಳಲು ಒಂದು ಉಸಿರೂ ಬೇಕಾಗಲಿಲ್ಲ.

ಮರುದಿನ ನೀವು ಸ್ಕೂಟಿಯಲ್ಲಿ ಬಂದು ಅವರ ನಡುವೆ ನಿಂತು, “ಸರ್, ನಾನು ಏನು ಹೇಳಿದ್ದೆ ಅಂತ ನೀವೇ ಹೇಳ್ರಿ” ಎಂದಿರಿ. ನಾನು ಮೈಕಿನ ವೈರು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ಇನ್ನೂ ಕೀಳಾದದ್ದೊಂದಿದೆ. ನಿಮ್ಮ ಮೇಲಿನ ಅನುಮಾನ ನಿಜವಾಗಿರಲಿ ಎಂದು ನಾನು ಬಯಸಿದೆ. ನಿಮ್ಮ ಸ್ಕೂಟಿ ಹೊಸದಲ್ಲವೇ, ಸಂತೆಯ ವ್ಯಾಪಾರಿಯೊಡನೆ ಒಮ್ಮೆ ಮಾತಾಡುತ್ತ ನಿಂತಿದ್ದಿರಲ್ಲವೇ — ಹೀಗೆ ಒಂದೊಂದನ್ನೇ ಹೆಕ್ಕಿದೆ. ಸಾಕ್ಷಿ ಸಿಕ್ಕೀತೆಂದು ಕೆರೆಬಿಳಚಿಗೂ ಹೋದೆ. ಅಲ್ಲಿ ನಿಮ್ಮ ಫೋನು ಬರುತ್ತಿದ್ದುದು ನನ್ನ ಹಳೆಯ ಸಹೋದ್ಯೋಗಿ ಹಿಂದಿ ಮೇಷ್ಟ್ರಿಗೆ.

“ನಮಗೂ ಹತ್ತರಾಗೆ ಮೂರು ಅಂದ್ರು. ತಾಡಪತ್ರಿ ಇಟ್ಕಂಡು ಕಾದ್ವಿ. ಒಂದು ಹನೀನೂ ಬೀಳ್ಲಿಲ್ಲ,” ಎಂದರು ಅವರು.

“ಹಂಗಾದ್ರೆ ಸುಳ್ಳಾಯ್ತಲ್ಲ?” ಎಂದೆ, ಆಸೆಯಿಂದ.

“ಸುಳ್ಳು ಹೆಂಗಾಗ್ತೈತೆ? ಬರದೇ ಇರಾಕೆ ಏಳು ಐತೆ ಅಂದಂಗಾಯ್ತಲ್ಲ. ಯಾಕ್ರೀ, ಏನೋ ಹುಡುಕಾಕೆ ಬಂದಂಗೈತೆ ನೀವು?”

ಚಹಾ ಕುಡಿಯದೆ ಎದ್ದು ಬಂದೆ. ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಸಂಸ್ಥೆ ನಿಮ್ಮನ್ನು ಕೆಲಸದಿಂದ ಬಿಡಿಸಿತು, ನೀವು ಜಗಳೂರಿಗೆ ಹೋದಿರಿ ಎಂದು ಕೇಳಿದೆ — ಆಗಲೂ ಇಲ್ಲ. ನಾಲ್ಕು ಮಳೆಗಾಲ ಕಳೆದವು.

ಕಳೆದ ವಾರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ಗುಡುಗು ಸಿಡಿಲಿನ ಎಚ್ಚರಿಕೆ ಬಂತು. ಎಲ್ಲರ ಮೊಬೈಲಿಗೂ ಬಂತು. ಹೊಲದಿಂದ ಒಬ್ಬರೂ ಎದ್ದು ಬರಲಿಲ್ಲ. “ಇದರಾಗೆ ಯಾರ ಲಾಭ ಐತೋ” ಎಂದು ನಕ್ಕರು. ಸಿಡಿಲು ನಮ್ಮೂರಿಗೆ ಬೀಳಲಿಲ್ಲ. ಅದೂ ಒಂದು ಮೋಸ ಎಂದು ಲೆಕ್ಕಕ್ಕೆ ಸೇರಿತು. ಈ ಅನುಮಾನಕ್ಕೆ ಬೀಜ ಹಾಕಿದವನು ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇ? ರುದ್ರಪ್ಪ ನನ್ನನ್ನು ನೋಡುವ ರೀತಿಯಲ್ಲಿ ಏನೋ ಇದೆಯೆಂದು ಎಷ್ಟೋ ದಿನ ಅನ್ನಿಸಿದೆ.

ಇಂದು ಆರೂವರೆಗೆ ಮೈಕಿನಲ್ಲಿ ಎಲ್ಲವನ್ನೂ ಹೇಳಿದೆ. ನೀವು ಹೇಳಿದ ಮಾತು, ನಾನು ಹೇಳಿದ ಮಾತು, ನನ್ನ ಸುಳ್ಳು. ರುದ್ರಪ್ಪ ನನ್ನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದ:

“ಆಯಮ್ಮನ ಕಡೆಯೋರು ಬಂದಿದ್ರಾ ಮೇಷ್ಟ್ರೇ, ನಿಮ್ಮ ಹತ್ರ? ಇವತ್ತು ಇದನ್ನ ನಿಮ್ಮ ಕೈಲಿ ಯಾರು ಹೇಳಿಸಿದ್ರು?”

ಕೆಲವರು ತಲೆಯಾಡಿಸಿದರು. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಜನ ಇವರು...

ಆದ್ದರಿಂದ ಮನೆಮನೆಗೆ ಹೋಗಿ ಹೇಳಿದೆ. ಕೆಲವರು ನಂಬಿದರು, ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಹೊನ್ನಾಳಿಯ ನಿಮ್ಮ ಹಳೆಯ ಕಚೇರಿಗೆ ಫೋನ್ ಮಾಡಿದೆ. ಬರೆದು ಸಹಿ ಹಾಕಿ ಕಳಿಸಿ, ಆಕೆಗೂ ತಲುಪಿಸುತ್ತೇವೆ ಎಂದರು. ಜಗಳೂರಿನಲ್ಲಿ ನಿಮ್ಮ ಮನೆ ಎಲ್ಲಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಕೊನೆಯದು ಬಸಮ್ಮನ ಮನೆ. ಅಂದು ಅವಳ ಕಾಳೇ ಹೆಚ್ಚು ಹೋದದ್ದು. ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದೆ.

“ಆ ಹುಡುಗಿ ಅವತ್ತು ವಾಪಸ್ ಹೋಗ್ತಾ ಇಲ್ಲೇ ನಮ್ಮ ಕಟ್ಟೆ ಮೇಲೆ ಕುಂತು ಅತ್ತಿತ್ತು ಮೇಷ್ಟ್ರೇ,” ಎಂದಳು. “ನೀರು ಕೇಳ್ತು. ನಾನು ಕೊಡ್ಲಿಲ್ಲ.”



ಮನೆಗೆ ಬಂದು ಕೈಕಾಲು ತೊಳೆದು ಇದನ್ನು ಬರೆದೆ. ಒಮ್ಮೆ ಓದಿದೆ. ನನ್ನ ಪರವಾಗಿ ಬಂದಿದ್ದ ಎರಡು ಸಾಲುಗಳನ್ನು ಹೊಡೆದು ಹಾಕಿ, ಸಹಿ ಮಾಡಿದೆ.