ತಾಟಿನ ಡ್ರಮ್ಮೂ ಸುಮಾಳ ಉಸಿರೂ

ನನ್ನ ಡ್ರಮ್ಮು ತಾನಾಗಿಯೇ ಬಡಿದುಕೊಳ್ಳತೊಡಗಿತು!

ತುಂಬಿದ ಸಭೆ. ಸ್ಟೇಜಿನ ಮೇಲೆ ಕೂತ ನಾನು ಎರಡೂ ಕೈ ಮೇಲೆತ್ತಿ ‘ನಾನಲ್ಲ, ನಾನಲ್ಲ’ ಎಂದು ಸನ್ನೆ ಮಾಡುತ್ತಿದ್ದೇನೆ. ಡ್ರಮ್ಮು ಮಾತ್ರ ಢಬ್ ಢಬ್ ಅನ್ನುತ್ತಲೇ ಇದೆ. ಮುಂದೆ ಮೈಕಿನೆದುರು ನಿಂತಿದ್ದ ನನ್ನ ಹೆಂಡತಿ ಸುಮಾ, ಹಾಡು ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡಿದಳು.

ನಗಬೇಡಿ. ನನ್ನ ಜೀವ ಬಾಯಿಗೆ ಬಂದಿತ್ತು.

ಯಾಕೆ ಅಂತ ಕೇಳಿ. ಹೋದ ವರ್ಷ ಸುಮಾಗೆ ಥೈರಾಯ್ಡ್ ಆಪರೇಷನ್ ಆಯಿತು. ಪುಣೆಯ ಕನ್ನಡಿಗರ ಯಾವ ಕಾರ್ಯಕ್ರಮವೂ ಅವಳ ಹಾಡಿಲ್ಲದೆ ಮುಗಿಯುತ್ತಿರಲಿಲ್ಲ. ಅಂಥವಳ ದನಿ ಆಪರೇಷನ್ ಆದ ಮೇಲೆ ಅಡುಗೆಮನೆಯಿಂದ ಹಾಲ್‌ಗೂ ಕೇಳದಂತಾಯಿತು. ತಿಂಗಳುಗಟ್ಟಲೆ ಪಿಸುಮಾತೇ ಗತಿ. ನಿಧಾನವಾಗಿ ಮಾತು ಮರಳಿತು. ಹಾಡು? ಅದನ್ನೇ ಡಾಕ್ಟರರನ್ನು ಕೇಳಿದರೆ, ‘ಗಾಊನ್ ಬಘಾ’ ಅಂದರು. ಹಾಡಿ ನೋಡಿ ಅಂತೆ! (ಹಾಡಿ ನೋಡಿ ಬರದೇ ಹೋದರೆ? ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.)

ಈ ಶ್ರಾವಣದಲ್ಲಿ ನಮ್ಮ ಕನ್ನಡ ಬಳಗದ ಸಂಗೀತ ಸಂಜೆಗೆ ಅವಳು ನನಗೆ ಹೇಳದೆಯೇ ಹೆಸರು ಕೊಟ್ಟು ಬಂದಳು. ಒಂದೇ ಹಾಡು. ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಹಾಡಿಗೆ ಬೀಟ್ಸ್ ಬೇಕಲ್ಲ? ಬಳಗದ ತಬಲಾದವರು ಊರು ಬಿಟ್ಟು ಹೋಗಿದ್ದರು. ಕೊಂಢವಾದಲ್ಲಿ ಹೋಟೆಲ್ ನಡೆಸುವ ಶೆಟ್ಟರು ನಮ್ಮ ಕೀಬೋರ್ಡ್ ವಾದಕರು. ಅವರೊಬ್ಬ ಡ್ರಮ್ಮರನನ್ನು ವಿಚಾರಿಸಿದರು. ಅವನ ಫೀಸು, ಡ್ರಮ್ ಸೆಟ್ಟಿನ ಬಾಡಿಗೆ, ಹೊತ್ತು ತರುವ ಗಾಡಿಯ ಬಾಡಿಗೆ ಎಲ್ಲ ಕೇಳಿ, ಒಂದು ಹಾಡಿಗೆ ಇಷ್ಟಾ ಮಾರಾಯ್ರೆ ಎಂದು ಫೋನಿಟ್ಟರು. ಕೀಬೋರ್ಡಿನೊಳಗೇ ಇರುವ ಬೀಟ್ ಹಚ್ಚಿ ನೋಡಿದೆವು. ಮದುವೆ ಬ್ಯಾಂಡಿನವರು ಮನೆಗೆ ನುಗ್ಗಿದಂತಾಯಿತು. ಫೋನಿನ ಆ್ಯಪ್ ಪುಕ್ಕಟೆ, ನಿಜ. ಆದರೆ ಒಮ್ಮೆ ಹಚ್ಚಿದರೆ ಅದು ತನ್ನ ಪಾಡಿಗೆ ಓಡುತ್ತದೆ. ನಡುವೆ ಸುಮಾಗೆ ಕೆಮ್ಮು ಬಂದರೆ?

ನಾನು ತಳೇಗಾಂವದ ಫ್ಯಾಕ್ಟರಿಯೊಂದರಲ್ಲಿ ಮೆಂಟೆನೆನ್ಸ್ ಇಂಜಿನಿಯರ್. ಬಜರ್‌ನೊಳಗೆ ನಾಣ್ಯದಂಥ ಹಿತ್ತಾಳೆ ಬಿಲ್ಲೆ ಇರುತ್ತದೆ ನೋಡಿ, ಅದನ್ನು ಯಾವುದಕ್ಕೆ ಅಂಟಿಸಿ ಕುಟ್ಟಿದರೂ ಸಣ್ಣ ಕರೆಂಟ್ ಹುಟ್ಟುತ್ತದೆ. ಅಡುಗೆಮನೆಯ ಮೂರು ಸ್ಟೀಲ್ ತಾಟು ಬೋರಲು ಹಾಕಿ, ಒಂದೊಂದಕ್ಕೂ ಒಂದೊಂದು ಬಿಲ್ಲೆ ಅಂಟಿಸಿದೆ. ಕರೆಂಟ್ ತಾಕಿದರೆ ಡ್ರಮ್ಮಿನ ಸದ್ದು ಹೊರಡಿಸುವ ಎಲೆಕ್ಟ್ರಾನಿಕ್ ಡಬ್ಬಿಯೊಂದು ಹಳೇ ಸಾಮಾನಿನ ಬಜಾರದಲ್ಲಿ ಸಿಕ್ಕಿತು, ಅದಕ್ಕೆ ವೈರ್ ಜೋಡಿಸಿದೆ. ಒಂದು ತಾಟು ಕುಟ್ಟಿದರೆ ಡ್ರಮ್, ಇನ್ನೊಂದಕ್ಕೆ ಢೋಲಕ್, ಮತ್ತೊಂದಕ್ಕೆ ತಾಳ! ಖರ್ಚು ಡ್ರಮ್ಮರನ ಒಂದು ಸಂಜೆಯಷ್ಟೂ ಆಗಲಿಲ್ಲ. ಊಟಕ್ಕೆ ತಾಟು ಕಡಿಮೆ ಬಿದ್ದವು ಅಷ್ಟೇ.

ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಪ್ರ್ಯಾಕ್ಟೀಸ್ ಶುರುವಾಯಿತು. ಆ ಹಾಡಿನ ಚರಣದಲ್ಲಿ ಒಂದು ಸಾಲು ಮೇಲಕ್ಕೆ ಏರುತ್ತದೆ. ಪೂರ್ತಿ ಒಂದೇ ಉಸಿರಿನಲ್ಲಿ ಹಾಡಬೇಕು. ಸುಮಾ ಅಲ್ಲಿಗೆ ಬಂದು ನಿಂತುಬಿಟ್ಟಳು. ಮರುದಿನವೂ ಅಲ್ಲೇ. ಉಸಿರು ಸಾಲುತ್ತಿರಲಿಲ್ಲ.

ನಾನೇನು ಮಾಡಿದೆ? ಸ್ಪೀಡ್ ತಪ್ಪದಿರಲೆಂದು ನನ್ನ ಕಿವಿಯಲ್ಲಿ ಫೋನಿನ ಟಿಕ್ ಟಿಕ್ ಇತ್ತು. ಅದನ್ನು ಅವಳಿಗೆ ಹೇಳದೆ ತುಸು ಸ್ಲೋ ಮಾಡಿದೆ. ಮಾರನೆಯ ದಿನ ಉಸಿರು ಇನ್ನೂ ಬೇಗ ಮುಗಿಯಿತು. ಇನ್ನೂ ಸ್ಲೋ ಮಾಡಿದೆ. (ಮೆಟ್ಟಿಲು ನಿಧಾನ ಹತ್ತಿದರೆ ದಣಿವು ಕಡಿಮೆ ತಾನೇ?) ನನ್ನ ಬಡಿತ ಅವಳ ದನಿಯನ್ನು ಮುಳುಗಿಸೀತೆಂಬ ಭಯ ಬೇರೆ. ಹಾಗಾಗಿ ಜೋರಾಗಿ ಕುಟ್ಟುವುದೇ ಬೇಡವೆಂದು, ಬೆರಳು ಸೋಕಿದರೂ ಸದ್ದಾಗುವಷ್ಟು ತಾಟುಗಳನ್ನು ಸೂಕ್ಷ್ಮ ಮಾಡಿಟ್ಟೆ. ದಿನ ಹತ್ತಿರ ಬಂದಂತೆ ಮನೆಯಲ್ಲಿ ಮಾತೇ ಕಡಿಮೆಯಾಯಿತು.

ಕಾರ್ಯಕ್ರಮದ ಸಂಜೆ ಪಲ್ಲವಿ ಚೆನ್ನಾಗಿಯೇ ಆಯಿತು. ಮೊದಲ ಚರಣದಲ್ಲಿ ಅವಳು ಆ ಸಾಲನ್ನು ನಡುವೆ ಮುರಿದು, ಉಸಿರೆಳೆದು, ಹೇಗೋ ದಾಟಿಸಿದಳು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಎರಡನೇ ಚರಣದಲ್ಲಿ ಮತ್ತೆ ಅದೇ ಏರು ಬರುವುದಿತ್ತು.

ಅಷ್ಟರಲ್ಲಿ ಹಾಲ್ ಪಕ್ಕದ ಮೈದಾನದಲ್ಲಿ ಢೋಲ್-ತಾಶಾ ಪಡೆಯವರ ಬಡಿತ ಶುರುವಾಯಿತು. ಗಣಪತಿಗೆ ಮುಂಚೆ ಈ ಊರಿನಲ್ಲಿ ಖಾಲಿ ಮೈದಾನ ಕಂಡಲ್ಲೆಲ್ಲ ಅದರದ್ದೇ ತಾಲೀಮು. ಅಷ್ಟೂ ಢೋಲು ಒಟ್ಟಿಗೆ ಬಿದ್ದವು ನೋಡಿ, ಸ್ಟೇಜಿನ ಹಲಗೆ ನಡುಗಿತು. ನಡುಕ ತಾಟಿಗೆ ಏರಿತು. ತಾಟಿಗೇನು ಗೊತ್ತು, ಕುಟ್ಟಿದ್ದು ನಾನೋ ಮೈದಾನದವರೋ ಅಂತ? ಅದು ಬಡಿದುಕೊಳ್ಳತೊಡಗಿತು.

ಕೈ ಎತ್ತಿ ಪ್ರಯೋಜನವಿಲ್ಲ ಎಂದು ಹೊಳೆದ ಮೇಲೆ ವೈರ್ ಕಿತ್ತೆ. ನನ್ನ ಡ್ರಮ್ಮು ಸತ್ತಿತು. ಹೊರಗಿನ ಢೋಲು ಹಾಲ್ ತುಂಬ ತುಂಬಿಕೊಂಡಿತು. ಶೆಟ್ಟರು ಕೀಬೋರ್ಡಿನಿಂದ ಕೈ ತೆಗೆದರು. ಮುಗೀತು, ಇನ್ನು ಇವಳು ಜನ್ಮದಲ್ಲಿ ಸ್ಟೇಜ್ ಹತ್ತಲಿಕ್ಕಿಲ್ಲ ಅಂದುಕೊಂಡೆ.

ಸುಮಾ ಕಿಟಕಿಯತ್ತ ನೋಡಿದಳು. ತೊಡೆ ತಟ್ಟುತ್ತ ಹೊರಗಿನ ಪೆಟ್ಟನ್ನು ಒಂದಷ್ಟು ಹೊತ್ತು ಎಣಿಸಿಕೊಂಡಳು. ಆಮೇಲೆ ಎರಡನೇ ಚರಣ ಎತ್ತಿಕೊಂಡಳು. ಹೊರಗಿನ ಢೋಲಿನ ಸ್ಪೀಡಿನಲ್ಲಿ! ಆಪರೇಷನ್ನಿಗೆ ಮುಂಚೆ ಹಾಡುತ್ತಿದ್ದಳಲ್ಲ, ಹೆಚ್ಚುಕಡಿಮೆ ಆ ಸ್ಪೀಡಿನಲ್ಲಿ. ನನ್ನ ಕಿವಿಯಲ್ಲಿ ಇನ್ನೂ ಆ ಸ್ಲೋ ಟಿಕ್ ಟಿಕ್. ಬೇಡ ಸುಮಾ, ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಸಾಲು ಬಂದೇ ಬಿಟ್ಟಿತು. ಅವಳು ಏರಿದಳು. ತುದಿಯಲ್ಲಿ ದನಿ ಒರಟಾಯಿತು, ಮೊದಲಿನಂತಿರಲಿಲ್ಲ. ಆದರೆ ಸಾಲು ಮುಗಿಯಿತು. ಉಸಿರು ಇನ್ನೂ ಉಳಿದಿತ್ತು.

ಆಗ ತಲೆಗೆ ಹೋಯಿತು. ಸ್ಲೋ ಮಾಡಿದಷ್ಟೂ ಸಾಲು ಉದ್ದವಾಗುತ್ತದೆ. ಉಸಿರು ಇದ್ದಷ್ಟೇ ಇರುತ್ತದೆ. ಅವಳಿಗೆ ಉಸಿರು ಸಾಲದಂತೆ ಮಾಡಿದವನು ನಾನೇ.

ಮರುದಿನ ಚಹಾ ಕುಡಿಯುವಾಗ ಎಲ್ಲ ಹೇಳಿದೆ. ಅವಳು ಕಪ್ ಕೆಳಗಿಟ್ಟಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

“ಉಸುರು ಸಾಲವಲ್ದು, ನನ್ನ ಗಂಟಲಾ ಮುಗೀತು ಅಂತ ತಿಳಕೊಂಡು ದಿನಾ ಒಬ್ಬಾಕೇ ಅತ್ತೀನ್ರಿ. ನೀವು ಬಾಜೂಕ ಕೂತು ಸ್ಪೀಡ್ ಕಡಿಮಿ ಮಾಡ್ಕೋತ ಹೋಗಿದ್ರಿ. ನನಗ ಒಂದ್ ಮಾತು ಕೇಳಿದ್ರ ಏನಾಗ್ತಿತ್ತು?”

ಏನಾಗುತ್ತಿತ್ತು? ‘ಸ್ಲೋ ಬ್ಯಾಡ್ರಿ’ ಅನ್ನುತ್ತಿದ್ದಳು. ಮೊದಲಿನ ಸ್ಪೀಡಿನಲ್ಲಿ ಹಾಡಿ ದನಿ ಬರದೇ ಹೋದರೆ ಎಂದು ಆ ಮಾತಿಗೇ ನಾನು ಹೆದರಿದ್ದೆ.

ದಸರೆಗೆ ಇನ್ನೊಂದು ಹಾಡಿಗೆ ಹೆಸರು ಕೊಟ್ಟಿದ್ದಾಳೆ. ಇದಕ್ಕಿಂತ ಫಾಸ್ಟ್ ಅಂತೆ. ಅವಳ ಗಂಟಲೇನೋ ಗುಣವಾಗುತ್ತಿದೆ. ನನ್ನ ಹೆದರಿಕೆಯನ್ನು ಯಾವ ಡಾಕ್ಟರಿಗೆ ತೋರಿಸಲಿ?