ನಾಲ್ಕು ಹೆಸರು ಕೇಳಿದ ಪಿಟೀಲು ಟೀಚರ್

ನಮ್ಮ ಪಿಟೀಲು ಟೀಚರ್ ಅವರ ಎಡ ದವಡೆಯ ಕೆಳಗೆ ಒಂದು ಕಂದು ಕಲೆಯಿತ್ತು. ಅಲ್ಲಿ ಮಾತ್ರ ಚರ್ಮ ದಪ್ಪವಾಗಿ, ಒರಟಾಗಿ ಕಾಣುತ್ತಿತ್ತು. ಚಾಮರಾಜಪೇಟೆಯ ಮನೆಯಲ್ಲಿ ಚಾಪೆ ಹಾಸಿ ಅವರು ನಮಗೆ ಕಲಿಸುತ್ತಿದ್ದದ್ದು ಕರ್ನಾಟಕ ಸಂಗೀತ. ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿ ನುಡಿಸುವವರಿಗೆ ದವಡೆಯಲ್ಲಿ ಕಲೆ ಬೀಳುವುದಿಲ್ಲ. ಪಿಟೀಲನ್ನು ಗದ್ದದಡಿ ಒತ್ತಿ ಹಿಡಿದು ವರ್ಷಗಟ್ಟಲೆ ನುಡಿಸಿದವರಿಗೆ ಬೀಳುವ ಕಲೆ ಅದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕೇಳಿದಾಗಲೆಲ್ಲ ಅವರು, "ಹಳೇದು ಬಿಡು, ಶ್ರುತಿ ಮಾಡ್ಕೊ" ಎನ್ನುತ್ತಿದ್ದರು.

ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ನಾವು ಚೆನ್ನಾಗಿ ನುಡಿಸುತ್ತಿದ್ದರೆ ಎದ್ದು ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಳ್ಳುತ್ತಿದ್ದರು. ಕಾವಲು ಕೂರಬೇಕಿಲ್ಲ ಎಂಬುದೇ ಮೆಚ್ಚುಗೆ. ಒಮ್ಮೊಮ್ಮೆ ಇಬ್ಬರನ್ನು ಎದುರುಬದುರು ಕೂರಿಸಿ ನುಡಿಸಲು ಹೇಳುತ್ತಿದ್ದರು. ಒಬ್ಬರ ದನಿ ಮೇಲೆದ್ದರೆ ಅವರ ಕಮಾನನ್ನು ಕೈಯಿಂದ ತಡೆದು, "ನಿನ್ನ ಪಿಟೀಲೇ ನಿಂಗೆ ಜಾಸ್ತಿ ಕೇಳಿಸ್ತಿದೆ ಅಂದ್ರೆ ನೀನು ಅವಳನ್ನ ಕೇಳ್ತಿಲ್ಲ" ಎನ್ನುತ್ತಿದ್ದರು. ಬೇರೆ ಮನೆಗಳಲ್ಲಿ ಪಾಠಕ್ಕೆ ಹೋಗುತ್ತಿದ್ದ ನನ್ನ ಗೆಳತಿಯರಿಗೆ ಯಾರೂ ಇಂಥದ್ದನ್ನು ಹೇಳುತ್ತಿರಲಿಲ್ಲ.

ನಾನು ಕಛೇರಿ ಕೊಡುವ ಮಟ್ಟಕ್ಕೆ ಬೆಳೆಯಲಿಲ್ಲ. ಬ್ಯಾಂಕು ಸೇರಿದೆ, ಬಸವನಗುಡಿಯಲ್ಲಿ ಮನೆ ಮಾಡಿದೆ, ಟೀಚರ್ ಮನೆಗೆ ಹೋಗಿಬರುವುದನ್ನು ಮಾತ್ರ ಬಿಡಲಿಲ್ಲ. ಅವರಿಗೆ ಎಂಬತ್ತು ಹತ್ತಿರವಾಗಿ, ಮಂಡಿನೋವಿಗೆ ಪಾಠ ನಿಂತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಮಲ್ಲೇಶ್ವರದಿಂದ ಒಬ್ಬ ತರುಣ ಬಂದ. ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ, ಸರಿಪಡಿಸಿ ಹೊರತರುವುದು ಅವನ ಕೆಲಸ. ಕುಮಾರ ಪಾರ್ಕಿನ ಒಂದು ಮನೆ ಕೆಡವುವಾಗ ಸ್ಪೂಲ್ ಟೇಪುಗಳು ಸಿಕ್ಕಿದ್ದವು. ಅವುಗಳಲ್ಲಿ ಟೀಚರ್ ತಮ್ಮ ಇಪ್ಪತ್ತರ ಹರೆಯದಲ್ಲಿ ನುಡಿಸಿದ್ದರು.

ಅಂದು ಟೀಚರ್ ಎಲ್ಲ ಹೇಳಿದರು. ಆ ಮನೆ ಒಬ್ಬ ಡಾಕ್ಟರದ್ದು. ಅವರು ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ ಚೆಲ್ಲೋ ನುಡಿಸುತ್ತಿದ್ದರು. ಕಾನ್ವೆಂಟಿನಲ್ಲಿ ಟೀಚರಿಗೆ ಪಾಶ್ಚಾತ್ಯ ಸಂಗೀತ ಕಲಿಸಿದ ಸಿಸ್ಟರ್ ಎರಡನೆಯ ಪಿಟೀಲು, ಟೀಚರ್ ಮೊದಲನೆಯದು. ಪಿಟೀಲಿಗಿಂತ ತುಸು ದೊಡ್ಡದಾದ, ದನಿ ತಗ್ಗಿದ ವಿಯೋಲಾ ನುಡಿಸಲು ಲಾಲ್‌ಬಾಗಿನ ಕಡೆಯಿಂದ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬರುತ್ತಿದ್ದ. ಅರಮನೆಯ ವಾದ್ಯಮೇಳದಲ್ಲಿದ್ದ ಸೋದರಮಾವ ಅವನಿಗೆ ಕಲಿಸಿದ್ದನಂತೆ. ಭಾನುವಾರಗಳಂದು ನಾಲ್ವರೂ ಡಾಕ್ಟರ ಹಜಾರದಲ್ಲಿ ಮುಖಾಮುಖಿ ಕೂತು, ನಾಲ್ಕೇ ಜನಕ್ಕೆಂದು ಬರೆದ ಸಂಗೀತ ನುಡಿಸುತ್ತಿದ್ದರು. ಕೇಳಲು ಹೊರಗಿನವರು ಯಾರೂ ಇರುತ್ತಿರಲಿಲ್ಲ. ಸಿಸ್ಟರಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಅದು ನಿಂತುಹೋಯಿತು. "ಮೂರು ಜನ ಕೂತು ನೋಡಿದ್ವಿ. ಆಗ್ಲಿಲ್ಲ" ಎಂದರು ಟೀಚರ್. ಒಬ್ಬರೇ ಕೂತು ನುಡಿಸಬಹುದಾದ ಕರ್ನಾಟಕ ಸಂಗೀತಕ್ಕೆ ಅವರು ಹೊರಳಿದ್ದು ಹಾಗೆ.

ಧ್ವನಿಮುದ್ರಣಗಳನ್ನು ಟೀಚರ ಹೆಸರಿನಲ್ಲಿ ತರುವುದು ತರುಣನ ಯೋಚನೆ. ಅವರು ಒಪ್ಪಲಿಲ್ಲ.

"ನುಡಿಸಿದ್ದು ನಾಲ್ಕು ಜನ. ನಾಲ್ಕೂ ಹೆಸರು ಒಂದೇ ಅಳತೆಯಲ್ಲಿ ಹಾಕಿ."

"ಮೇಡಂ, ವಿಯೋಲಾದವರ ಹೆಸರೇನು?"

ಆ ಹುಡುಗನನ್ನು ಎಲ್ಲರೂ ಪುಟ್ಟ ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರನ್ನು ಟೀಚರ್ ಕೇಳಿರಲೇ ಇಲ್ಲ.

"ಪತ್ತೆಯಾಗಿಲ್ಲ ಅಂತ ಹಾಕ್ಬಿಡೋಣ ಮೇಡಂ. ಎಲ್ಲಾರೂ ಹಾಗೇ ಮಾಡ್ತಾರೆ."

"ಪತ್ತೆಯಾಗಿಲ್ಲ ಅನ್ನೋಕೆ ಮೊದಲು ಹುಡುಕಬೇಕಲ್ಲಪ್ಪ" ಎಂದರು.

ಅವರಿಗೆ ನೆನಪಿದ್ದದ್ದು ಇಷ್ಟು: ಪುಟ್ಟನ ಮನೆಯವರದು ಸೊಪ್ಪಿನ ತೋಟ, ಗಾಂಧಿಬಜಾರಿನಲ್ಲಿ ವ್ಯಾಪಾರ. ನಾನು ಅವರನ್ನು ಆಟೋದಲ್ಲಿ ಕರೆದೊಯ್ದೆ. ಸೊಪ್ಪು ಮಾರುವವರ ಮುಂದೆ ನಿಂತು, "ನಿಮ್ಮಲ್ಲಿ ಹಿಂದೆ ಪಿಟೀಲು ನುಡಿಸ್ತಿದ್ದೋರು ಯಾರಾದ್ರೂ ಇದ್ರಾ?" ಎಂದು ಟೀಚರ್ ಸಂಕೋಚವಿಲ್ಲದೆ ಕೇಳುತ್ತಿದ್ದರು. ಕೆಲವರು ನಕ್ಕರು. ಮೂಲೆಯಲ್ಲಿ ಬಾಳೆಎಲೆ ಮಾರುತ್ತಿದ್ದ ಮುದುಕ ಮಾತ್ರ ಯೋಚಿಸಿ, ಅಂಥವನೊಬ್ಬನಿದ್ದ, ಅವನ ಮಗಳು ಅಡ್ಡರಸ್ತೆಯಲ್ಲಿ ತರಕಾರಿ ಅಂಗಡಿ ಇಟ್ಟಿದ್ದಾಳೆ ಎಂದು ದಾರಿ ತೋರಿಸಿದ.

ಮಗಳಿಗೆ ಐವತ್ತು ದಾಟಿತ್ತು. "ನಮ್ಮಪ್ಪ ಪಿಟೀಲು ನುಡಿಸ್ತಿದ್ರಾ? ಯಾರೋ ಬೇರೆಯವ್ರಿರಬೇಕಮ್ಮ" ಎಂದಳು. ಆಮೇಲೆ, "ಅಟ್ಟದ ಮೇಲೆ ಒಂದು ಪೆಟ್ಟಿಗೆ ಇತ್ತು. ನಮ್ಮನ್ನ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಅವ್ರು ಹೋದ್ಮೇಲೆ ಯಾರಿಗೋ ಕೊಟ್ಬಿಟ್ವಿ" ಎಂದಳು.

ತರುಣ ಕಳಿಸಿದ್ದ ತುಣುಕನ್ನು ನಾನು ಮೊಬೈಲಿನಲ್ಲಿ ಹಾಕಿದೆ. ಅವಳು ಕಿವಿಗೊಟ್ಟಳು. ನಾಲ್ಕು ತಂತಿವಾದ್ಯಗಳು ಒಟ್ಟಿಗೆ ನುಡಿಯುವಾಗ ಕೇಳಿ ಅಭ್ಯಾಸವಿಲ್ಲದವರಿಗೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಅವಳ ಮುಖದಲ್ಲಿ ಗೊಂದಲವಿತ್ತು. ಟೀಚರ್ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡರು. ವಿಯೋಲಾ ಬಂದಾಗಲೆಲ್ಲ ಮಣಿಕಟ್ಟನ್ನು ಮೆಲ್ಲಗೆ ಒತ್ತಿದರು. "ಇದು ನಿಮ್ಮಪ್ಪ. ಈಗ ಸುಮ್ಮನಿದಾನೆ. ಈಗ ನೋಡು, ಬಂದ."

ಅಷ್ಟರಲ್ಲಿ ಗಿರಾಕಿಯೊಬ್ಬರು ಕಾಲು ಕೆ.ಜಿ. ಹುರುಳಿಕಾಯಿ ಕೇಳಿದರು. ಅವಳು ತಲೆ ಎತ್ತದೆ, "ಸ್ವಲ್ಪ ತಾಳಿ ಸಾರ್, ನಮ್ಮಪ್ಪ ನುಡಿಸ್ತಿದಾರೆ" ಎಂದಳು.

ಮುಗಿದ ಮೇಲೆ ಟೀಚರ್ ಅವಳ ಅಪ್ಪನ ಹೆಸರು ಕೇಳಿದರು. ಅವಳು ಹೇಳಿದಳು. ಉದ್ದದ, ಗಂಭೀರವಾದ ಹೆಸರು. ಟೀಚರ್ ಅದನ್ನು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಸಿ.ಡಿ. ನಾಲ್ಕು ಹೆಸರಿನೊಂದಿಗೆ ಬಂತು. ಹೆಚ್ಚೇನೂ ಮಾರಾಟವಾಗಲಿಲ್ಲ ಎಂದು ತರುಣ ಆಮೇಲೆ ಹೇಳಿದ. ಟೀಚರ್ ಪೂರ್ತಿಯಾಗಿ ಒಮ್ಮೆ ಕೇಳಿ, "ನಾನು ಅವಸರ ಮಾಡಿದೀನಿ. ಪುಟ್ಟ ಹಿಡಿದು ನಿಲ್ಲಿಸಿದಾನೆ" ಎಂದರು. ಮತ್ತೆ ಹಾಕು ಎನ್ನಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬಂದವರಲ್ಲಿ ಹಳೆಯ ಶಿಷ್ಯರೇ ಹೆಚ್ಚು. ಪುಟ್ಟನ ಮಗಳು ಬೆಳಿಗ್ಗೆಯೇ ಬಂದು ಬಾಗಿಲ ಬಳಿ ನಿಂತಿದ್ದಳು. ಎಲ್ಲ ಮುಗಿದು ಜನ ಕರಗಿದ ಮೇಲೆ ನನ್ನ ಹತ್ತಿರ ಬಂದಳು.

"ಅಕ್ಕ, ಅವತ್ತು ಪೂರ್ತಿ ನಮ್ಮಪ್ಪಂದೇ ತೋರಿಸಿದ್ರು. ಇವ್ರದ್ದು ಯಾವ್ದು ಅಂತ ಹೇಳ್ಲೇ ಇಲ್ಲ. ನಿಮಗೆ ಗೊತ್ತಾಗತ್ತಾ?"

ಗೊತ್ತಾಗುತ್ತದೆ ಎಂದೆ. ಇಬ್ಬರೂ ಜಗಲಿಯ ಮೇಲೆ ಕೂತೆವು. ಮೊಬೈಲಿನಲ್ಲಿ ಆ ತುಣುಕು ಹಾಕಿ, ನಾನು ಅವಳ ಕೈ ಹಿಡಿದುಕೊಂಡೆ.