ಚನ್ನಕ್ಕನ ಕೋಣೆಗೆ ಬಂದ ಬಚ್ಚಲು

ದೆವ್ವ ಭೂತದ ಮಾತು ಶುರುವಾದರೆ ಎದ್ದುಹೋಗುವ ಹೆಂಗಸು ನಾನು. ಸತ್ತವರಿಗೆ ನಮ್ಮನ್ನು ಕಾಡುವುದು ಬಿಟ್ಟು ಬೇರೆ ಕೆಲಸ ಇಲ್ಲವೇ ಎಂದು ಎಷ್ಟೋ ಮಂದಿಯ ಬಾಯಿ ಮುಚ್ಚಿಸಿದ್ದೇನೆ. ಈಗಲೂ ನಂಬುತ್ತೇನೆ ಅಂತ ಎದೆ ಮುಟ್ಟಿ ಹೇಳಲಾರೆ. ಆದರೆ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಒಂದು ಮುಂಜಾನೆ ನಡೆದದ್ದನ್ನು ನನ್ನ ಕಿವಿಯಾರೆ ಕೇಳಿದೆ, ಕಣ್ಣಾರೆ ನೋಡಿದೆ. ನೀವು ನಂಬಿದರೂ ಅಷ್ಟೇ, ನಗಾಡಿದರೂ ಅಷ್ಟೇ. ಸಿಟ್ಟು ಬಂದಲ್ಲಿ ಸಿಟ್ಟನ್ನೂ ಮುಚ್ಚಿಡದೆ ಬರೆಯುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಮಾವನವರದು ಮೆಣಸಿನಕಾಯಿ, ಬೆಲ್ಲದ ವ್ಯಾಪಾರ. ಮೂವರು ಗಂಡುಮಕ್ಕಳಲ್ಲಿ ನಡುವಿನವರು ನನ್ನ ಗಂಡ. ಹಿರಿಯ ಸೊಸೆ ಚನ್ನಕ್ಕ, ನನ್ನ ನೆಗೆಣ್ಣಿ. ಆಕೆಯ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಆ ಮನೆಯ ರೊಟ್ಟಿಯೆಲ್ಲ ಆಕೆಯ ಕೈಯಲ್ಲೇ ತಟ್ಟಿಸಿಕೊಂಡದ್ದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಸುಟ್ಟ ರೊಟ್ಟಿಗಳನ್ನು ಅತ್ತೆಗೆ ಕಾಣದ ಹಾಗೆ ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದವಳೂ ಆಕೆಯೇ.

ಒಂದು ಮಳೆಗಾಲದಲ್ಲಿ ಚನ್ನಕ್ಕ ಅಂಗಳದ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಎಲ್ಲೆಲ್ಲೋ ತೋರಿಸಿದರೂ ಅದು ಸರಿಯಾಗಿ ಕೂಡಲಿಲ್ಲ. ಎಡಗಾಲು ಮಡಚಲು ಬರುತ್ತಿರಲಿಲ್ಲ, ನಾಲ್ಕು ಹೆಜ್ಜೆ ಇಡುವುದೂ ಆಗುತ್ತಿರಲಿಲ್ಲ. ಬಚ್ಚಲು, ಪಾಯಖಾನೆ ಎರಡೂ ಇದ್ದದ್ದು ಅಂಗಳದ ಆಚೆ, ದನದ ಕೊಟ್ಟಿಗೆಯ ಪಕ್ಕದಲ್ಲಿ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮದು ಲಿಂಗಾಯತರ ಮನೆ. ಚನ್ನಕ್ಕನಿಗೆ ಜಳಕವಾಗಬೇಕು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಯಾಗಬೇಕು, ಆಮೇಲೇ ಬಾಯಿಗೆ ತುತ್ತು. ಹಾಸಿಗೆಯ ಮೇಲೆಯೇ ಒದ್ದೆ ಅರಿವೆಯಿಂದ ಒರೆಸಿಕೋ ಎಂದರೆ, "ಅದೇನ ಜಳಕ ಆತೇನವಾ?" ಅನ್ನುತ್ತಿದ್ದಳು. ಹೀಗಾಗಿ ಆಕೆಯನ್ನು ಅಂಗಳ ದಾಟಿಸುವವರು ಬಂದರೆ ಊಟ, ಬರದಿದ್ದರೆ ಉಪವಾಸ. ಬೆಳಿಗ್ಗೆ ನಾನು ಎತ್ತಿಕೊಂಡು ಹೋಗುತ್ತಿದ್ದೆ. ಬಚ್ಚಲಲ್ಲಿ ಕೂತ ಮಣೆಯನ್ನು ಒಂದು ಕೈಯಿಂದ ದರದರ ಎಳೆದುಕೊಂಡು ಗೋಡೆಗೆ ಹಚ್ಚುವಳು, ಬೆನ್ನು ಆನಿಸಿ ಎಡಗಾಲು ಚಾಚುವಳು, ಆಮೇಲೆ ಒಂದು ತಂಬಿಗೆ ಸುರಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಂದು ತಂಬಿಗೆ. ಮುಗಿದ ಮೇಲೆ ತಂಬಿಗೆಯನ್ನು ಮಣೆಯ ಮೇಲೆ ಬೋರಲು ಹಾಕಿ, "ಆತವಾ, ಎತ್ತ ನನ್ನ" ಎಂದು ಕೂಗುವಳು.

ನಾನೇ ಮಾವನವರನ್ನು ಕೇಳಿದೆ, ಆಕೆಯ ಕೋಣೆಗೆ ಹಚ್ಚಿ ಒಂದು ಸಣ್ಣ ಬಚ್ಚಲು ಕಟ್ಟಿಸಿಕೊಡಿ ಎಂದು. ಆ ಕೋಣೆಯ ಆಚೆ ಗೋಡೆಗೆ ದೇವರ ಕೋಣೆ. ಮಾವನವರು ಹೌಹಾರಿದರು.

"ದೇವ್ರ ಜಗಲಿ ಗ್ವಾಡಿಗೆ ಹತ್ತಿ ಹೊಲಸ ನೀರು ಹರೀಬೇಕೇನ? ನಾ ಇರೂತನಕ ಆಗೂದಿಲ್ಲ."

"ನಮ್ಮಲ್ಲಿ ಸೂತಕ ಮೈಲಿಗಿ ಇಲ್ಲಂತ ಮಂದಿಗೆಲ್ಲಾ ನೀವ ಹೇಳ್ತೀರಲ್ರೀ ಮಾಮಾ?"

"ಅದು ಬ್ಯಾರೆ, ಇದು ಬ್ಯಾರೆ. ಸಾಲಿ ಕಲ್ತೀಯಂತ ಭಾಳ ಮಾತಾಡಬ್ಯಾಡ."

ಸೋಮವಾರ ಸೋಮವಾರ ಪಡಸಾಲೆಯಲ್ಲಿ ಕೂತು, ಶರಣರು ಮೈಲಿಗೆಯನ್ನು ಹೇಗೆ ಕಿತ್ತೊಗೆದರು ಎಂದು ಊರವರಿಗೆ ತಿಳಿಸಿ ಹೇಳುತ್ತಿದ್ದ ಮನುಷ್ಯ ಇವರು! ಅತ್ತೆ ಕೇಳಿಯೂ ಕೇಳದವರಂತೆ ಕಾಳು ಆರಿಸುತ್ತ ಕೂತಿದ್ದರು. ನನ್ನ ಗಂಡ ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದರು. ಚನ್ನಕ್ಕ ಒಳಗಿನಿಂದ, "ಬಿಡವಾ ತಂಗಿ, ಮಾಮಾಗ ಯಾಕ ತ್ರಾಸ" ಅಂದಳು.

ಆಮೇಲೆ ನಾನು ಬಾಣಂತನಕ್ಕೆ ತವರಿಗೆ, ಮಹಾಗಾಂವಕ್ಕೆ ಹೋದೆ. ಹೋಗುವಾಗ ಚನ್ನಕ್ಕನ ಜಳಕ ತಪ್ಪಿಸಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳಿ ಹೋಗಿದ್ದೆ. ಅತ್ತೆಗೆ ಬೆನ್ನುನೋವು, ಎತ್ತಲು ಆಗುವುದಿಲ್ಲ. ಕೆಲಸದ ತಾರವ್ವ ಬರುವುದು ಮಧ್ಯಾಹ್ನದ ಮೇಲೆ, ಅದೂ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಗಂಡಸರು ಮುಟ್ಟುವ ಹಾಗಿಲ್ಲ. ಚನ್ನಕ್ಕ ಮೊದಮೊದಲು ಕೂಗುತ್ತಿದ್ದಳಂತೆ, "ಯಾರರ ಬರ್ರಿವಾ, ಜಳಕಾ ಮಾಡಬೇಕು, ಹೊಟ್ಟಿ ಹಸದೈತಿ" ಎಂದು. ಬರಬರುತ್ತ ಕೂಗುವುದನ್ನೂ ಬಿಟ್ಟಳಂತೆ. ಇದನ್ನು ನನಗೆ ಹೇಳಿದವಳು ತಾರವ್ವ. ನಾನು ಕೂಸನ್ನು ಎತ್ತಿಕೊಂಡು ಮರಳಿ ಬರುವಷ್ಟರಲ್ಲಿ ಚನ್ನಕ್ಕನನ್ನು ಹೊಲದಲ್ಲಿ ಮಣ್ಣು ಮಾಡಿ ಆಗಿತ್ತು. ಜ್ವರ ಬಂದಿತ್ತು ಅಂದರು ಮನೆಯವರು. ಜ್ವರವಂತೆ ಜ್ವರ!

ವರ್ಷ ತಿರುಗುವುದರೊಳಗೆ ಮೈದುನನಿಗೆ ಕೊಲ್ಹಾಪುರದ ಹೆಣ್ಣು ಗೊತ್ತಾಯಿತು. ಹುಡುಗಿ ವಿಮಲಾ, ಬಂಗಲೆಯಲ್ಲಿ ಬೆಳೆದವಳು. ಅವಳ ತಂದೆ ಮನೆ ನೋಡಲು ಬಂದವರು ಅಂಗಳದ ಆಚೆ ಕೈ ತೋರಿಸಿ, "ಆಮಚ್ಯಾ ಮುಲೀಲಾ ಹ್ಯಾಚೀ ಸವಯ ನಾಹೀ" ಅಂದರು. ನಮ್ಮ ಹುಡುಗಿಗೆ ಇದರ ರೂಢಿ ಇಲ್ಲ, ಅಷ್ಟೇ ಮಾತು. ಮಾವನವರು ಹಲ್ಲು ಕಿರಿದು, "ಕೋಣಿಯೊಳಗ ಬಾತ್‌ರೂಮ ಮಾಡಸ್ತೀವ್ರಿ ಸಾಹೇಬರ, ಅದೇನ ದೊಡ್ಡ ಮಾತು" ಎಂದರು.

ಅದೇ ಕೋಣೆ. ಅದೇ ಗೋಡೆ. ಮುರಗೂಡಿನಿಂದ ಮನೆ ಕಟ್ಟುವ ಗವಂಡಿ ಬಂದ, ಹಿತ್ತಲ ಕಡೆ ಗೋಡೆ ಒಡೆದು ಬಾಗಿಲು ಇಟ್ಟ, ಸಿಮೆಂಟು, ನೆಲಕ್ಕೆ ಬಿಳಿ ಫರಶಿ, ಹೊಸ ಹಿತ್ತಾಳೆ ಅಗಳಿ. ದೇವರ ಜಗಲಿಗೆ ಏನೂ ಆಗಲಿಲ್ಲ. ಇದನ್ನೇ ಅಲ್ಲವೇ ನಾನು ಬೇಡಿದ್ದು!

ಸೊಸೆ ಬಂದು ಮೊದಲು ಜಳಕ ಮಾಡುವವರೆಗೆ ಯಾರೂ ಅದನ್ನು ಬಳಸಕೂಡದು ಎಂದು ಮಾವನವರ ಕಟ್ಟಪ್ಪಣೆ. ಮನೆ ತುಂಬಿಸಿಕೊಂಡ ಮರುದಿನ ಬೆಳಿಗ್ಗೆ, ಚೆನ್ನಾಗಿ ಬಿಸಿಲೇರಿದ ಮೇಲೆ, ನಾನೂ, ಮದುವೆ ಮನೆಯೆಂದು ಬೇಗ ಬಂದಿದ್ದ ತಾರವ್ವನೂ ಹಂಡೆಯಲ್ಲಿ ಕಾದ ನೀರನ್ನು ತಂದು ಒಳಗಿನ ತಾಮ್ರದ ಪಾತ್ರೆಗೆ ತುಂಬಿದೆವು. ಮಣೆಯನ್ನು ನಟ್ಟನಡುವೆ ಇಟ್ಟೆ. ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಲು ಮುತ್ತೈದೆಯರು ಪಡಸಾಲೆಯಲ್ಲಿ ಕಾಯುತ್ತಿದ್ದರು. ಬಾಗಿಲು ಮುಂದೆ ಮಾಡಿ ಅವರನ್ನೂ ವಿಮಲಾಳನ್ನೂ ಕರೆಯಲು ಹೋದೆ.

ನಾವೆಲ್ಲ ಆ ಕೋಣೆಗೆ ಬಂದಾಗ ಒಳಗೆ ನೀರು ಸುರಿಯುವ ಸದ್ದು.

"ಯಾರ ಹೊಕ್ಕಾರ ಅದರಾಗ?" ಎಂದು ಅತ್ತೆ ಗದರಿದರು. ಯಾರೂ ಅಲ್ಲ. ಮನೆಯ ಹೆಂಗಸರೆಲ್ಲ ಅಲ್ಲೇ ನಿಂತಿದ್ದೆವು, ವಿಮಲಾ ನನ್ನ ಮಗ್ಗುಲಲ್ಲೇ ಇದ್ದಳು. ನನ್ನ ಗಂಡ ಬಂದು ಬಾಗಿಲು ದಬ್ಬಿದರು. ಒಳಗಿನಿಂದ ಅಗಳಿ ಹಾಕಿತ್ತು. ಒಂದು ತಂಬಿಗೆ. ಸ್ವಲ್ಪ ಹೊತ್ತು ಏನಿಲ್ಲ. ಮತ್ತೊಂದು ತಂಬಿಗೆ. ಆ ನಿಧಾನ ನನಗೆ ಗೊತ್ತಿತ್ತು, ಎಷ್ಟು ಬೆಳಗು ನಾನು ಅದನ್ನು ಕೇಳುತ್ತ ಬಚ್ಚಲ ಹೊರಗೆ ಕಾದು ನಿಂತಿದ್ದೆ! ಆಚೆ ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದ ಮಾವನವರು ಅರ್ಧಕ್ಕೇ ಎದ್ದು ಬಂದಿದ್ದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಗೋಡೆಯಾಚೆಯಿಂದ ಅವರಿಗೂ ಕೇಳಿಸಿತ್ತು.

ಸದ್ದು ನಿಂತಿತು. ಅಗಳಿ ಸರಿಯಿತು. ಬಾಗಿಲು ಗೇಣು ಅಗಲ ತೆರೆದುಕೊಂಡಿತು.

ಒಳಗೆ ಯಾರೂ ಇರಲಿಲ್ಲ. ಬೆಳಕಿಗೆಂದು ಮೇಲೆ ಬಿಟ್ಟ ಜಾಲಂಧ್ರದಲ್ಲಿ ಬೆಕ್ಕು ಕೂಡ ತೂರಲಾರದು. ಹಬೆ ತುಂಬಿತ್ತು. ನೆಲ ಒದ್ದೆ, ಪಾತ್ರೆಯ ನೀರು ತಳ ಕಂಡಿತ್ತು. ಮಣೆ ಗೋಡೆಗೆ ಹತ್ತಿ ನಿಂತಿತ್ತು, ಅದರ ಮೇಲೆ ತಂಬಿಗೆ ಬೋರಲು.

"ಅಯ್ಯ ಶಿವನ!" ಎಂದು ತಾರವ್ವ ಅಲ್ಲೇ ಕುಸಿದಳು. ಹೆಸರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಮನೆಯ ಗಂಡಸರೆಲ್ಲ ಏನೇನೋ ಕಾರಣ ಹುಡುಕಿದರು. ಪಾತ್ರೆ ಸೋರಿರಬೇಕು ಅಂದರು, ಮರುದಿನ ನೀರು ತುಂಬಿಟ್ಟು ನೋಡಿದರೆ ಹನಿ ಸೋರಲಿಲ್ಲ. ಹೊಸ ಅಗಳಿ ತಾನೇ ಬಿದ್ದಿರಬೇಕು ಅಂದರು. ಬೀಳಬಹುದು, ತಾನೇ ಏಳುತ್ತದೆಯೇ? ವಿಮಲಾ ಆ ಬಾತ್‌ರೂಮಿಗೆ ಕಾಲಿಡಲಿಲ್ಲ. ರೂಢಿ ಇಲ್ಲದ ಹುಡುಗಿ ನಮ್ಮ ಹಾಗೆಯೇ ಸೀರೆ ಎತ್ತಿಕಟ್ಟಿ ಅಂಗಳ ದಾಟುವುದನ್ನು ಕಲಿತಳು. ಪಾಪ, ಅವಳದೇನು ತಪ್ಪಿತ್ತು. ಆ ಸದ್ದು ಮತ್ತೆ ಎಂದೂ ಕೇಳಲಿಲ್ಲ.

ಆದರೆ ಆ ದಿನ ಇನ್ನೊಂದು ನಡೆಯಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿರುವಾಗ ಅತ್ತೆ ಅಡಿಗೆಮನೆಗೆ ಹೋದರು. ಬಿಸಿ ರೊಟ್ಟಿ, ಬೇಳೆ, ಬೆಣ್ಣೆ ಹಾಕಿದ ತಾಟನ್ನು ತಂದು ಕೋಣೆಯ ಹೊಸ್ತಿಲ ಒಳಗಿಟ್ಟರು.

"ಚನ್ನವ್ವಾ, ಜಳಕಾ ಆತಲ್ಲವಾ. ಪೂಜಾ ಮಾಡ್ಕೊಂಡ ಉಣ್ಣು ಬಾ."

ನನಗೆ ತಡೆಯಲಾಗಲಿಲ್ಲ. "ಆಕಿ ಒದರೂಮುಂದ ಎಲ್ಲಿ ಹೋಗಿದ್ರಿ ಅತ್ತಿ?" ಎಂದು ಎಲ್ಲರ ಎದುರು ಕೇಳಿಬಿಟ್ಟೆ. ಅವರು ತಾಟನ್ನು ಇನ್ನಷ್ಟು ಒಳಗೆ ಸರಿಸಿದರು. ಮಾವನವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ಅತ್ತೆ ಆ ತಾಟಿನ ಮುಂದೆ ಕೂತವರು ಏಳಲಿಲ್ಲ. ರೊಟ್ಟಿ ಒಣಗಿತು, ಬೆಣ್ಣೆ ಕರಗಿ ಹರಿಯಿತು. ಬೀಗರು ಬಂದು ಕರೆದರು, ನನ್ನ ಗಂಡ ಕೈಹಿಡಿದು ಎಬ್ಬಿಸಲು ನೋಡಿದರು. ಒಂದು ತುತ್ತು ಉಣ್ಣಿರಿ ಎಂದು ಯಾರು ಎಷ್ಟು ಬೇಡಿದರೂ, "ಮೊದಲ ಆಕಿ ಉಣ್ಣಲಿ" ಅನ್ನುವುದೊಂದೇ ಮಾತು. ದೀಪ ಹಚ್ಚುವ ಹೊತ್ತಿನವರೆಗೂ ಹಾಗೆಯೇ ಕೂತಿದ್ದರು. ಚನ್ನಕ್ಕ ಜೀವಂತ ಇದ್ದಷ್ಟು ದಿನ ಆ ಮನೆಯಲ್ಲಿ ಅವಳಿಗಾಗಿ ಯಾರೂ ಒಂದು ಹೊತ್ತು ಉಣ್ಣದೆ ಕಾದಿರಲಿಲ್ಲ.